ಬದನೆಕಾಯಿ ಬಿಡಿಸಿದರು, ಬಾಟಲಿ ಬಿಡಿಸಲಿಲ್ಲ

ಮಾನ್ಯ ಸಂಪಾದಕರೇ,

ಅಕ್ಟೋಬರ್ 29ರ ವಿಶ್ವ ಸೋರಿಯಾಸಿಸ್ ದಿನಕ್ಕೆಂದು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಏನನ್ನೋ ಹುಡುಕುತ್ತಾ. ಸೋರಿಯಾಸಿಸ್ ಎಂಬ ಈ ಚರ್ಮದ ಕಾಯಿಲೆ ಅಂಟುರೋಗವಲ್ಲ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪಕ್ಕದ ಚೌಕದಲ್ಲಿ ‘ಇವನ್ನು ತಿನ್ನಬೇಡಿ’ ಎಂದು ಬದನೆಕಾಯಿ, ಹುಳಿ, ಮೀನು, ಕರಿದ ತಿಂಡಿ ಎಲ್ಲದರ ಪಟ್ಟಿ ಕೊಟ್ಟವರು, ಕುಡಿಯುವ ವಿಷಯಕ್ಕೆ ಒಂದು ಸಾಲೂ ಕೊಡಲಿಲ್ಲ. ಹನ್ನೊಂದು ವರ್ಷ ಬದನೆಕಾಯಿ ಬಿಟ್ಟು, ಬಾಟಲಿ ಬಿಡದೆ ಈ ಕಾಯಿಲೆ ಅನುಭವಿಸಿದವನು ನಾನು. ಪತ್ರ ಉದ್ದವಾದರೆ ಕತ್ತರಿಸಿ. ಮಧ್ಯದಲ್ಲಿ ಬರುವ ಮಾತ್ರೆಯ ವಿಷಯವನ್ನು ಮಾತ್ರ ಕತ್ತರಿಸಬೇಡಿ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರು. ಬಯಲುಸೀಮೆಯ ಓದುಗರಿಗೆ ಹೇಳಬೇಕು, ರೈಟರು ಅಂದರೆ ಕತೆ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಕುಯ್ಲಿನ ತೂಕ, ಶನಿವಾರದ ಬಟವಾಡೆ ಬರೆಯುವವನು. ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಪುಸ್ತಕಕ್ಕೆ ಏರಿಸುವುದೂ ನನ್ನದೇ ಕೆಲಸ. ತೋಟದವರಿಗೆ ಮಳೆ ಇವತ್ತಿಗೂ ಇಂಚು, ಸೆಂಟಿನಲ್ಲೇ. ಮಿಲಿಮೀಟರ್ ಎಂದರೆ ನಮ್ಮ ಸಾಹುಕಾರ್ರು, ‘ಅರ್ಥ ಆಗೋ ಹಾಗೆ ಹೇಳಯ್ಯ’ ಅನ್ನುತ್ತಾರೆ. ಈ ಮಳೆಪುಸ್ತಕದ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

2011ರ ಜುಲೈನಲ್ಲಿ ಎಡ ಮೊಣಕೈ ಮೇಲೆ ಎಂಟಾಣೆ ಅಗಲದ ಕೆಂಪು ಕಲೆಯೊಂದು ಕಾಣಿಸಿತು. ಅದರ ಮೇಲೆ ಮೀನಿನ ಹುರುಪೆಯಂಥ ಬೆಳ್ಳನೆಯ ಪದರ. ಉಗುರಲ್ಲಿ ಕೆರೆದರೆ ಗೋಡೆಯ ಸುಣ್ಣ ಉದುರಿದ ಹಾಗೆ ಉದುರಿ, ಅಡಿಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆ. ಹುಳುಕಡ್ಡಿ ಇರಬೇಕು ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬು ತಂದು ಹಚ್ಚಿದೆ. ಹದಿನೈದು ದಿನಕ್ಕೆ ಮಾಯ. ಹಚ್ಚುವುದು ಬಿಟ್ಟು ತಿಂಗಳಾಗುವಷ್ಟರಲ್ಲಿ ಎರಡೂ ಮೊಣಕೈ, ಎರಡೂ ಮೊಣಕಾಲು, ಪಂಚೆ ಕಟ್ಟುವ ಜಾಗ, ತಲೆ.

ತಲೆಯದು ಹೆಚ್ಚು ಕಾಟ ಕೊಟ್ಟಿತು. ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ತೆರೆದರೆ ಪುಟಗಳ ನಡುವಿನ ಮಡಿಕೆಯಲ್ಲಿ ನನ್ನದೇ ಹೊಟ್ಟು ತುಂಬಿಕೊಂಡಿರುತ್ತಿತ್ತು. ಯಾರಾದರೂ ಬರುವ ಮುಂಚೆ ಪುಸ್ತಕವನ್ನು ಕಿಟಕಿಯಾಚೆ ಕೊಡವಿ ಬರೆಯಲು ಕೂರುತ್ತಿದ್ದೆ. ಕ್ಷೌರದಂಗಡಿಯಲ್ಲಿ ‘ಬಾಚಣಿಗೆ ಮನೆಯಿಂದಲೇ ತನ್ನಿ’ ಅಂದರು. ಬಟವಾಡೆಯ ದಿನ ಒಬ್ಬಾಕೆ ನಾನು ಎಣಿಸಿ ಕೊಟ್ಟ ನೋಟುಗಳನ್ನು ಎರಡು ಬೆರಳ ತುದಿಯಲ್ಲಿ ತೆಗೆದುಕೊಂಡು, ಸೆರಗಿನ ತುದಿಗೆ ಗಂಟು ಹಾಕದೆ, ಹಾಗೇ ಹಿಡಿದುಕೊಂಡು ಹೋದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ರಾತ್ರಿ ಎರಡು ನೈಂಟಿಯ (ತೊಂಬತ್ತು ಮಿ.ಲೀ. ಮದ್ಯದ ಅಳತೆ) ಜಾಗದಲ್ಲಿ ಮೂರಾಯಿತು, ಅಷ್ಟೆ.

ನಮ್ಮ ಕಡೆ ಚರ್ಮಕ್ಕೆ ಏನೇ ಆಗಲಿ ಮೊದಲು ಬರುವ ಮಾತು ನಂಜು. ನಂಜಾಗುತ್ತದೆ ಎಂದು ಅತ್ತೆ ಬದನೆಕಾಯಿ ಬಿಡಿಸಿದರು. ಚಿಕ್ಕಪ್ಪ ಒಣಮೀನು ಬಿಡಿಸಿದರು. ಪಕ್ಕದ ತೋಟದ ಮೇಸ್ತ್ರಿ ಹಲಸಿನಹಣ್ಣು, ಕಳಲೆ, ಅಣಬೆ ಮೂರನ್ನೂ ಒಂದೇ ಉಸಿರಿಗೆ ಬಿಡಿಸಿದ. ಮಳೆ ಹಿಡಿದ ಹೊಸದರಲ್ಲಿ ಗದ್ದೆ ಬದುವಿನಲ್ಲಿ ಏಡಿ ಹಿಡಿದು ಸಾರು ಮಾಡುವುದು ಮಲೆನಾಡಿನವರಿಗೆ ಏನೆಂದು ನಿಮಗೆ ಗೊತ್ತಿರಬಹುದು. ಅದನ್ನೂ ಬಿಟ್ಟೆ. ಮನೆಯವರೆಲ್ಲ ಅಂಗಳದ ಕಟ್ಟೆ ಮೇಲೆ ಕೂತು ಏಡಿಕಾಲು ಕಚ್ಚಿ ಚೀಪುವಾಗ ನಾನು ಒಳಗೆ ತಿಳಿಸಾರು ಕಲೆಸುತ್ತಿದ್ದೆ. ಆದರೆ ಆ ತಿಳಿಸಾರಿನ ಪಕ್ಕದಲ್ಲಿ ಒಂದು ಸ್ಟೀಲ್ ಲೋಟ ಇರುತ್ತಿತ್ತಲ್ಲ, ಅದನ್ನು ಯಾರೂ ನಂಜು ಅನ್ನಲಿಲ್ಲ. ‘ಶೀತಕ್ಕೆ ಒಳ್ಳೇದು, ಸ್ವಲ್ಪ ತಗೋ’ ಅಂದವರೇ ಹೆಚ್ಚು. ಬಗನಿ ಕಳ್ಳು ದೇಹಕ್ಕೆ ತಂಪು, ಚರ್ಮಕ್ಕೆ ಅದೇ ಔಷಧಿ ಎಂದು ಒಬ್ಬರು ಬೆಳಗಿನ ಜಾವ ಕ್ಯಾನಿನಲ್ಲಿ ತಂದುಕೊಟ್ಟಿದ್ದೂ ಉಂಟು. ಅದೂ ಹುಳಿ ಬಂದ ಮೇಲೆ ಮದ್ಯವೇ ತಾನೆ.

ನನ್ನ ಕುಡಿತ ಬೀದಿಯಲ್ಲಿ ಬೀಳುವ ಕುಡಿತವಲ್ಲ. ಇದೇ ಮಾತನ್ನು ಹೇಳಿಕೊಂಡು ಬಹಳ ವರ್ಷ ಬಚಾವಾದೆ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಲೈನಿನ (ತೋಟದ ಆಳುಗಳ ಸಾಲುಮನೆಗಳ) ಜನರ ಪಾಡು ನೋಡಿ ನಕ್ಕವನು ನಾನು, ಏಕೆಂದರೆ ನನ್ನದು ‘ಇಂಗ್ಲಿಷ್’ ಮಾಲು. ರಾತ್ರಿ ಎಂಟಕ್ಕೆ ಒಂದು ನೈಂಟಿ, ಊಟಕ್ಕೆ ಮುಂಚೆ ಇನ್ನೊಂದು. ಕೆಲಸಕ್ಕೆ ಒಂದು ದಿನ ತಪ್ಪಿಸಿಲ್ಲ, ಹೆಂಡತಿ ಮೇಲೆ ಕೈ ಎತ್ತಿಲ್ಲ. ಹೀಗಿರುವವನಿಗೆ ‘ನೀನು ಕುಡುಕ’ ಎಂದು ಯಾರು ಹೇಳುತ್ತಾರೆ?

ನಡುವಿನ ವರ್ಷಗಳ ಔಷಧಿಗಳ ಕತೆ ಬರೆದರೆ ನಿಮ್ಮ ಪುಟ ಸಾಲದು. ಒಂದನ್ನು ಮಾತ್ರ ಹೇಳುತ್ತೇನೆ. ಒಬ್ಬರು ಬೂದಿಬಣ್ಣದ ಪುಡಿ ಕೊಟ್ಟರು. ಒಂದೇ ತಿಂಗಳಲ್ಲಿ ಮೈ ನುಣುಪಾಯಿತು, ಮುಖ ಮಾತ್ರ ಹಬ್ಬದ ಕಡುಬಿನ ಹಾಗೆ ಊದಿತು. ಪುಡಿ ನಿಲ್ಲಿಸಿದ ಮೂರನೇ ವಾರ ಕುತ್ತಿಗೆಯಿಂದ ಪಾದದವರೆಗೆ ಕೆಂಪಗೆ ಎದ್ದು ಚಳಿಜ್ವರ ಬಂತು. ಸ್ಟೆರಾಯ್ಡ್ ನುಂಗಿ ಏಕಾಏಕಿ ನಿಲ್ಲಿಸಿದರೆ ಸೋರಿಯಾಸಿಸ್ ಹೀಗೆ ಕೆರಳುವುದು ಉಂಟಂತೆ. ಪುಡಿಯಲ್ಲಿ ಏನಿತ್ತೆಂದು ಕೊಟ್ಟವರು ಹೇಳಲಿಲ್ಲ.

ಆಮೇಲೆಯೇ ಚಿಕ್ಕಮಗಳೂರಿನಲ್ಲಿ ಒಬ್ಬ ಚರ್ಮದ ಡಾಕ್ಟರ ಬಳಿ ಹೋಗಲು ಶುರು ಮಾಡಿದ್ದು. 2021ರ ಕೊನೆಯಲ್ಲಿ ಅವರು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಬರೆದರು. ಬರೆಯುವ ಮುಂಚೆ ಕೇಳಿದರು.

‘ಡ್ರಿಂಕ್ಸ್ ತಗೋತೀರಾ?’

‘ಅಪರೂಪಕ್ಕೆ, ಮೇಡಂ. ಹಬ್ಬ ಹರಿದಿನ ಅಂತ.’

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು. ನಮ್ಮ ಮನೆಯ ಲೆಕ್ಕದಲ್ಲಿ ವರ್ಷಕ್ಕೆ ಮುನ್ನೂರು ಹಬ್ಬ ಎಂದು ಅವಳಿಗೆ ಗೊತ್ತು.

ಕತ್ತರಿಸಬೇಡಿ ಎಂದು ಕೇಳಿಕೊಂಡ ಭಾಗ ಇದು. ಮೆಥೊಟ್ರೆಕ್ಸೇಟ್ ದಿನಾ ನುಂಗುವ ಮಾತ್ರೆಯಲ್ಲ. ಸೋರಿಯಾಸಿಸ್‌ಗೆ ಅದನ್ನು ಕೊಡುವುದು ವಾರಕ್ಕೊಮ್ಮೆ, ವಾರದಲ್ಲಿ ಗೊತ್ತುಮಾಡಿದ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣ ಇಳಿದು ಜೀವಕ್ಕೇ ಬರುತ್ತದೆ. ಜತೆಗೆ ಫೋಲಿಕ್ ಆಸಿಡ್ ಮಾತ್ರೆಯನ್ನೂ ಬರೆದಿರುತ್ತಾರೆ, ಅದನ್ನು ‘ಬರೀ ವಿಟಮಿನ್’ ಎಂದು ಬಿಡುವವರಿದ್ದಾರೆ, ಬಿಡಬಾರದು. ಇನ್ನು ಈ ಮಾತ್ರೆಗೂ ಮದ್ಯಕ್ಕೂ ಇರುವ ಕೊಂಡಿ ಲಿವರ್. ಎರಡೂ ಅದರ ಮೇಲೇ ಭಾರ ಹಾಕುವಂಥವು. ಅದಕ್ಕಾಗಿಯೇ ಆಗಾಗ ರಕ್ತಪರೀಕ್ಷೆ. ಡಾಕ್ಟರು ಇದನ್ನೆಲ್ಲ ಮೊದಲ ದಿನವೇ ಬಿಡಿಸಿ ಹೇಳಿದ್ದರು. ನಾನು ಭಾನುವಾರ ಬೆಳಿಗ್ಗೆ ಮಾತ್ರೆ, ಭಾನುವಾರ ರಾತ್ರಿ ಮಾತ್ರ ‘ರಜಾ’ ಎಂದು ನನ್ನದೇ ಒಂದು ಕಾನೂನು ಮಾಡಿಕೊಂಡೆ. ಸೋಮವಾರದಿಂದ ಯಥಾಪ್ರಕಾರ. 2022ರ ಅಕ್ಟೋಬರ್ ಹೊತ್ತಿಗೆ, ಲಿವರ್‌ಗೆ ಬಿದ್ದ ಪೆಟ್ಟನ್ನು ರಕ್ತದಲ್ಲಿ ತೋರಿಸುವ ಎಸ್‌ಜಿಪಿಟಿ ಎಷ್ಟಿರಬೇಕಿತ್ತೋ ಅದರ ಮೂರು ಪಟ್ಟಾಗಿತ್ತು. ಮಾತ್ರೆ ನಿಲ್ಲಿಸಿದರು.

ಅವತ್ತು ಡಾಕ್ಟರು ಗದರಲಿಲ್ಲ. ನನ್ನ ಫೈಲನ್ನು ಹಿಂದಿನಿಂದ ಮುಂದಕ್ಕೆ ತಿರುವಿ ಹಾಕುತ್ತಾ, ‘ಈ ಜನವರಿಯಲ್ಲಿ ಬಂದಾಗ ಮೈ ಬಹಳ ಚೆನ್ನಾಗಿತ್ತು. ಹಿಂದಿನ ವರ್ಷಗಳಲ್ಲೂ ಜನವರಿಯಲ್ಲಿ ಕಮ್ಮಿ ಇರ್ತಿತ್ತು ಅಂತ ನೀವೇ ಬರೆಸಿದೀರಿ. ಚಳಿಗಾಲದಲ್ಲಿ ಜಾಸ್ತಿ ಆಗೋರೇ ಹೆಚ್ಚು. ನಿಮಗೆ ಉಲ್ಟಾ ಯಾಕೆ?’ ಎಂದರು.

‘ಸ್ವಾಮಿ ದಯೆ, ಮೇಡಂ. ಮಾಲೆ ಹಾಕ್ತಾರೆ’ ಅಂದಳು ನನ್ನಾಕೆ.

ನಿಜ. 2014ರಿಂದ ಪ್ರತಿ ವರ್ಷ ನಾನು ಒಂದು ಮಂಡಲ ಅಯ್ಯಪ್ಪನ ಮಾಲೆ ಹಾಕುವವನು. ಈ ಕಾಯಿಲೆಯವನಿಗೆ ಕರಿಬಟ್ಟೆಗಿಂತ ದೊಡ್ಡ ಪರೀಕ್ಷೆ ಇಲ್ಲ. ಮೊದಲ ವಾರ ಕೂತು ಎದ್ದರೆ ಕರಿಪಂಚೆಯ ಮೇಲೆ ಅಕ್ಕಿ ಕೇರಿದ ಮೊರದ ಹಾಗೆ ಬೆಳ್ಳನೆಯ ಹೊಟ್ಟು. ಭಜನೆಯಲ್ಲಿ ಕಂಬದ ಹಿಂದೆ ಕೂರುತ್ತಿದ್ದೆ. ಮೂರನೇ ವಾರಕ್ಕೆ ಕಡಿಮೆ. ಇರುಮುಡಿ ಕಟ್ಟುವ ಹೊತ್ತಿಗೆ ಪಂಚೆ ಕರಿದಾಗಿಯೇ ಇರುತ್ತಿತ್ತು. ಸ್ವಾಮಿಯೇ ಮಾಡಿದ್ದು ಎಂದು ನಾವಿಬ್ಬರೂ ನಂಬಿದ್ದೆವು. ಮಾಲೆ ತೆಗೆದು ಬಂದು, ಶಿವರಾತ್ರಿ ಕಳೆಯುವುದರೊಳಗೆ ಮತ್ತೆ ಮೊದಲಿನ ಹಾಗಾದರೆ, ವ್ರತದಲ್ಲಿ ಏನೋ ಲೋಪವಾಗಿರಬೇಕು ಎಂದು ಮುಂದಿನ ಸಲಕ್ಕೆ ಹರಕೆ ಹೆಚ್ಚಿಸುತ್ತಿದ್ದೆ.

‘ಮಾಲೆಯಲ್ಲಿ ಏನೇನು ಬಿಡ್ತೀರಿ?’ ಡಾಕ್ಟರು ಕೇಳಿದರು.

‘ಮಾಂಸ ಬಿಡ್ತೀವಿ. ಚಪ್ಪಲಿ, ಕ್ಷೌರ, ಹಾಸಿಗೆ, ಬೀಡಿ...’ ಎಂದು ಎಣಿಸುತ್ತಿದ್ದವನು ಅಲ್ಲೇ ನಿಂತೆ.

‘ಅದೂ’ ಅಂದಳು ನನ್ನಾಕೆ. ಈ ಸಲ ಕ್ಯಾಲೆಂಡರ್ ನೋಡಲಿಲ್ಲ.

ಡಾಕ್ಟರು ನಗಲಿಲ್ಲ, ‘ನಾನು ಹೇಳಲಿಲ್ವಾ’ ಎಂದೂ ಅನ್ನಲಿಲ್ಲ. ನವೆಂಬರ್ ಬಂದರೆ ನಿಮ್ಮ ಕಡೆ ಬಿಸಿಲು ಬರುತ್ತೆ, ಸೋರಿಯಾಸಿಸ್‌ಗೆ ಹದವಾದ ಬಿಸಿಲು ಒಳ್ಳೆಯದೇ. ಬೀಡಿ ಬಿಡೋದೂ ಲೆಕ್ಕಕ್ಕೆ ಬರುತ್ತೆ. ಬೇಗ ಮಲಗ್ತೀರಿ, ಮನಸ್ಸು ಹಗುರಾಗಿರುತ್ತೆ. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಕ್ಕಾಗಲ್ಲ. ಈ ವರ್ಷ ಮಾಲೆ ತೆಗೆದ ಮೇಲೆ ಮಿಕ್ಕಿದ್ದೆಲ್ಲ ವಾಪಸ್ ಬರಲಿ, ಅದೊಂದು ಮಾತ್ರ ಬರದ ಹಾಗೆ ನೋಡಿಕೊಳ್ಳಿ, ಏನಾಗುತ್ತೋ ನೋಡೋಣ. ಅವರು ಹೇಳಿದ್ದು ಇಷ್ಟೆ.

ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಉಪದೇಶಗಳಲ್ಲಿ ಲೆಕ್ಕ ಬರೆಯುವವನಿಗೆ ಅರ್ಥವಾಗುವ ಹಾಗಿದ್ದದ್ದು ಇದೊಂದೇ. ಮಳೆಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎರಡು ಸಂಖ್ಯೆ ಬರೆಯಲು ಶುರು ಮಾಡಿದೆ. ಕುಡಿದದ್ದು ಎಷ್ಟು, ಮೈಮೇಲೆ ಅಂಗೈಗಿಂತ ದೊಡ್ಡ ಕಲೆ ಎಷ್ಟು. ಕುಡಿದದ್ದರ ಕಾಲಂ ನವೆಂಬರ್ 17ರಿಂದ ಸೊನ್ನೆ.

ನನ್ನ ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳನ್ನು ಕೂರಿಸಿಕೊಂಡು ಇದೆಲ್ಲ ಏನು ಎಂದು ಕೇಳಿದೆ. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ಅದು ನನ್ನದು. ಎಲ್ಲರ ಚರ್ಮವೂ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಸೋರಿಯಾಸಿಸ್ ಇದ್ದ ಜಾಗದಲ್ಲಿ ಅದೇ ಕೆಲಸ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಹಣ್ಣಾಗುವವರೆಗೆ ಕಾಯದೆ ಹಸಿರುಕಾಯನ್ನೇ ಕಿತ್ತು ಚೀಲ ತುಂಬಿದ ಹಾಗೆ, ಬಲಿಯದ ಚರ್ಮ ಪದರ ಪದರವಾಗಿ ಮೇಲೆ ಬಂದು ನಿಲ್ಲುತ್ತದೆ. ಅವಸರ ಮಾಡಿಸುವುದು ನಮ್ಮದೇ ರೋಗನಿರೋಧಕ ಶಕ್ತಿ. ಅದು ಕಳಿಸುವ ಸಂದೇಶಗಳಲ್ಲಿ ಒಂದರ ಹೆಸರು ಟಿಎನ್‌ಎಫ್ ಆಲ್ಫಾ. ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ದುಬಾರಿ ಇಂಜೆಕ್ಷನ್‌ಗಳಲ್ಲಿ ಕೆಲವು ತಡೆಯುವುದು ಇದನ್ನೇ. ಮದ್ಯ ಇದನ್ನೇ ಹೆಚ್ಚಿಸುತ್ತದಂತೆ. ಯಾವುದನ್ನು ತಡೆಯಲು ಜನ ಸಾವಿರಾರು ರೂಪಾಯಿ ಸುರಿಯುತ್ತಾರೋ ಅದನ್ನೇ ನಾನು ದುಡ್ಡು ಕೊಟ್ಟು ದಿನಾ ರಾತ್ರಿ ಎರಡು ಸಲ ತುಂಬಿಸಿಕೊಳ್ಳುತ್ತಿದ್ದೆ.

ಕುಡಿದಾಗ ಚರ್ಮದ ರಕ್ತನಾಳ ಹಿಗ್ಗುತ್ತವೆ, ಮೈ ಬಿಸಿಯಾಗುತ್ತದೆ, ತುರಿಕೆ ಏಳುತ್ತದೆ. ಶೀತಕ್ಕೆ ಒಳ್ಳೆಯದು ಎನ್ನುವವರು ಈ ಬಿಸಿಯನ್ನೇ ನಂಬಿರುವುದು. ಮಧ್ಯರಾತ್ರಿ ಎರಡಕ್ಕೆ ಎಚ್ಚರವಾಗಿ ಗೊತ್ತಿಲ್ಲದೆ ಕೆರೆದದ್ದು ಬೆಳಿಗ್ಗೆ ಉಗುರು ಸಂದಿನಲ್ಲಿ ಕಾಣುತ್ತಿತ್ತು. ಸೋರಿಯಾಸಿಸ್ ಇದ್ದವರಿಗೆ ಚರ್ಮ ಗಾಯವಾದ ಜಾಗದಲ್ಲೇ ಹೊಸ ಕಲೆ ಏಳುವುದುಂಟು. ಕಾಫಿ ಕಸಿ ಮಾಡುವಾಗ ಕತ್ತಿ ತಾಗಿದ ಕಡೆ ಉದ್ದಕ್ಕೆ ಗೆರೆಯಾಗಿ ಎದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಇನ್ನು ಕುಡಿದ ರಾತ್ರಿ ಮುಲಾಮು ಹಚ್ಚಿ ಮಲಗಿದವರನ್ನು ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ.

ಮಗಳು ಮೂರು ಅಧ್ಯಯನದ ವಿಷಯ ಓದಿ ಹೇಳಿದಳು. 1990ರಲ್ಲಿ ಫಿನ್ಲೆಂಡಿನಲ್ಲಿ, ಸೋರಿಯಾಸಿಸ್ ಇರುವ ಗಂಡಸರನ್ನೂ ಬೇರೆ ಚರ್ಮರೋಗ ಇರುವ ಗಂಡಸರನ್ನೂ ಕಾಯಿಲೆ ಬರುವ ಮುಂಚೆ ಎಷ್ಟು ಕುಡಿಯುತ್ತಿದ್ದಿರಿ ಎಂದು ಕೇಳಿದ್ದರಂತೆ. ಸೋರಿಯಾಸಿಸ್‌ನವರದು ದಿನಕ್ಕೆ ಸರಾಸರಿ 43 ಗ್ರಾಂ ಆಲ್ಕೋಹಾಲ್, ಮಿಕ್ಕವರದು 21 ಗ್ರಾಂ. ಗ್ರಾಂ ಎಂದರೆ ನಮಗೆ ತಿಳಿಯದು, ಅದಕ್ಕೆ ಲೆಕ್ಕ ಹಾಕಿಸಿದೆ. ಬಾಟಲಿಯ ಮೇಲೆ 42.8 ಎಂದು ಬರೆದಿರುವ ನಮ್ಮ ವಿಸ್ಕಿ, ಬ್ರಾಂಡಿಯ ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ. ಅಂದರೆ ಅವರ 43 ಗ್ರಾಂ ನಮ್ಮ ಒಂದೂವರೆ ನೈಂಟಿಗೂ ಸ್ವಲ್ಪ ಕಮ್ಮಿ. ನನ್ನದು 60. ‘ಲಿಮಿಟ್‌ನಲ್ಲಿ ಕುಡಿಯೋನು’ ಎಂದು ಎದೆ ತಟ್ಟಿಕೊಳ್ಳುತ್ತಿದ್ದ ನಾನು ಫಿನ್ಲೆಂಡಿನ ರೋಗಿಗಳನ್ನೂ ಹಿಂದೆ ಹಾಕಿದ್ದೆ.

ಎರಡನೆಯದು ಅಮೆರಿಕದ ಎಂಬತ್ತು ಸಾವಿರಕ್ಕೂ ಹೆಚ್ಚು ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿ 2010ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ವಾರಕ್ಕೆ ಐದು ಅಥವಾ ಹೆಚ್ಚು ಮಾಮೂಲಿ ಬಿಯರ್ ಕುಡಿಯುವವರಿಗೆ ಸೋರಿಯಾಸಿಸ್ ಬರುವ ಸಾಧ್ಯತೆ ಹತ್ತಿರಹತ್ತಿರ ಒಂದೂ ಮುಕ್ಕಾಲು ಪಟ್ಟು ಎಂದು ಕಂಡುಬಂತು. ವೈನ್, ವಿಸ್ಕಿಯಂಥವುಗಳಿಗೆ ಹಾಗೆ ಕಾಣಲಿಲ್ಲ. ಇದನ್ನು ನಾನು ಸಂತೆ ದಿನ ಗೆಳೆಯರೆದುರು ಬಾಯಿಬಿಟ್ಟಿದ್ದೇ ತಪ್ಪಾಯಿತು. ‘ನೋಡಿದ್ಯಾ ಮಾರಾಯ, ಬಿಯರ್ ಮಾತ್ರ ಕೆಟ್ಟದ್ದು, ಬ್ರಾಂಡಿಗೆ ಏನೂ ಇಲ್ಲ’ ಎಂದು ಅವತ್ತೇ ಒಂದು ಬಾಟಲಿ ಒಡೆದರು. ನರ್ಸ್‌ಗಳು ದಿನಾ ರಾತ್ರಿ ಒಂದು ಕ್ವಾರ್ಟರ್ ಏರಿಸುವ ಜಾತಿಯಲ್ಲ, ಅವರ ಲೆಕ್ಕ ತಂದು ನಮ್ಮ ತಲೆಗೆ ಕಟ್ಟಿಕೊಳ್ಳಬಾರದು, ಫಿನ್ಲೆಂಡಿನವರು ಒಟ್ಟು ಆಲ್ಕೋಹಾಲನ್ನೇ ತೂಗಿದ್ದಾರೆ ಎಂದರೆ ಯಾರು ಕೇಳುತ್ತಾರೆ.

ಮೂರನೆಯದು ಬ್ರಿಟನ್ನಿನದು, 2017ರದು. ಸೋರಿಯಾಸಿಸ್ ಇರುವವರು ಮದ್ಯಕ್ಕೆ ಸಂಬಂಧಿಸಿದ ಕಾರಣಗಳಿಂದ ಸಾಯುವ ಸಾಧ್ಯತೆ ಕಾಯಿಲೆ ಇಲ್ಲದವರಿಗಿಂತ ಶೇ 58ರಷ್ಟು ಹೆಚ್ಚು ಎಂದು ಅಲ್ಲಿನವರು ಲೆಕ್ಕ ತೆಗೆದಿದ್ದಾರೆ. ಮಗಳು ಇದನ್ನು ಓದಿ ಮೊಬೈಲು ಕೆಳಗಿಟ್ಟಳು. ಕುಡಿತ ಕಾಯಿಲೆಯನ್ನು ತರುತ್ತದೋ ಕಾಯಿಲೆ ಕುಡಿತವನ್ನು ತರುತ್ತದೋ ಎಂದು ಕೇಳಿದೆ. ಎರಡೂ ಇರಬಹುದಪ್ಪ ಅಂದಳು. ಬೆರಳ ತುದಿಯಲ್ಲಿ ಹಿಡಿದ ಆ ನೋಟು ನೆನಪಾಯಿತು.

ಬಿಟ್ಟ ಮೊದಲ ವಾರದ ಬಗ್ಗೆ ಒಂದು ಮಾತು. ಪ್ರತಿ ವರ್ಷ ಮಾಲೆಯ ಮೊದಲ ಮೂರ್ನಾಲ್ಕು ದಿನ ನನ್ನ ಕೈ ನಡುಗುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ, ಮೈ ಬೆವರುತ್ತಿತ್ತು. ಬೆಳಗಿನ ಜಾವದ ತಣ್ಣೀರು ಸ್ನಾನದ ಪ್ರಭಾವ ಎಂದುಕೊಂಡಿದ್ದೆ. ಅದು ಮದ್ಯ ಬಿಟ್ಟದ್ದರ ನಡುಕ. ದಿನವೂ ಜೋರಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವುದೂ ಉಂಟು, ಅಂಥವರು ಡಾಕ್ಟರ ಕೈಕೆಳಗೆ ಬಿಡಬೇಕು. ನನಗೆ ಹಾಗಾಗದೆ ಇದ್ದದ್ದು ನನ್ನ ಜಾಣತನವಲ್ಲ. ಯಾರನ್ನು ಕೇಳುವುದು ಎಂದು ತಿಳಿಯದವರಿಗೆ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಮಳೆಪುಸ್ತಕಕ್ಕೆ ಬರುತ್ತೇನೆ. ನವೆಂಬರ್ 2022ರಲ್ಲಿ ಅಂಗೈಗಿಂತ ದೊಡ್ಡ ಕಲೆ ಹದಿನಾಲ್ಕು. ಮಾಲೆ ತೆಗೆದಾಗ ಆರು. ಇದು ಪ್ರತಿ ವರ್ಷದ ಕತೆಯೇ. ಶಿವರಾತ್ರಿ ಬಂತು, ಹೋಯಿತು, ಯುಗಾದಿಗೂ ಆರೇ ಇತ್ತು, ಇದು ಹೊಸದು. 2023ರ ಮಳೆಗಾಲದಲ್ಲಿ ನಾಲ್ಕಕ್ಕೆ ಇಳಿಯಿತು. ಗೆದ್ದೆ ಎಂದು ಹೆಂಡತಿಗೆ ಹೇಳಿದೆ. ಪುಸ್ತಕ ಮಾತ್ರ ಒಪ್ಪಲಿಲ್ಲ. ಏಕೆಂದರೆ 2023 ಬರದ ವರ್ಷ. ಮಳೆ ಕೈಕೊಟ್ಟು ಆಗಸ್ಟ್‌ನಲ್ಲೂ ಬಿಸಿಲು ಬಿದ್ದಿತ್ತು. ಬಿಸಿಲು ವಾಸಿ ಮಾಡಿತೋ, ಬಾಟಲಿ ಬಿಟ್ಟದ್ದು ವಾಸಿ ಮಾಡಿತೋ? ಡಾಕ್ಟರಿಗೂ ಹೇಳಿದೆ. ‘ಹಾಗಿದ್ರೆ ಒಳ್ಳೇ ಮಳೆ ಬರೋವರೆಗೂ ಕಾಯೋಣ’ ಅಂದರು, ಈ ಸಲ ನಕ್ಕರು.

2024ರ ಜುಲೈನಲ್ಲಿ ಏನಾಯಿತೆಂದು ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದ ಆ ದಿನಗಳಲ್ಲಿ ನಮ್ಮ ತೋಟದಲ್ಲಿ ವಾರಗಟ್ಟಲೆ ಸೂರ್ಯ ಕಾಣಲಿಲ್ಲ. ಬಟ್ಟೆ ಬಚ್ಚಲೊಲೆಯ ಮೇಲೆ ಒಣಗಬೇಕು. ಕಂಬಳಿಕೊಪ್ಪೆ ಹಾಕಿಕೊಂಡು ಮಳೆ ಅಳೆಯಲು ಹೋದರೆ ಡಬ್ಬಿಯೇ ತುಂಬಿ ಹೊರಗೆ ಹರಿದಿರುತ್ತಿತ್ತು. ಹಿಂದೆಲ್ಲ ಇಂಥ ಮಳೆಯಲ್ಲಿ ನನ್ನ ಬೆನ್ನು ಹಸಿ ಮಾಂಸದ ಹಾಗೆ ಆಗಿ, ಮಗುಚಿ ಮಲಗುತ್ತಿದ್ದೆ. ಈ ಸಲ ಕಲೆಯ ಕಾಲಂನಲ್ಲಿ ಐದು. ಮೊಣಕೈ, ಮೊಣಕಾಲು, ಸೊಂಟದಲ್ಲೊಂದು. ಬೆನ್ನು ಖಾಲಿ. ಹಚ್ಚುವ ಮುಲಾಮು, ದಿನಕ್ಕೆರಡು ಸಲ ಜಿಡ್ಡಿನ ಕ್ರೀಮು ಬಿಟ್ಟರೆ ಒಳಗೆ ನುಂಗುವ ಮಾತ್ರೆ ಇರಲಿಲ್ಲ. ನಾನೊಬ್ಬನ ಲೆಕ್ಕ ವಿಜ್ಞಾನವಲ್ಲ ಎಂದು ಗೊತ್ತಿದೆ. ನನ್ನ ಮಟ್ಟಿಗೆ ಸಾಕು.

ನಡುವೆ ಒಮ್ಮೆ ಕಾಲು ಜಾರಿತು, ಅದನ್ನೂ ಬರೆಯದಿದ್ದರೆ ಪುಸ್ತಕ ಸುಳ್ಳಾಗುತ್ತದೆ. ಅದೇ 2024ರ ಮೇ ತಿಂಗಳಲ್ಲಿ ಅಣ್ಣನ ಮಗನ ಮದುವೆಯಲ್ಲಿ ಎರಡು ರಾತ್ರಿ. ಅಂಚಿನಲ್ಲಿ 3, 4 ಎಂದು ಬರೆದದ್ದು ಹಾಗೇ ಇದೆ. ಹನ್ನೆರಡನೇ ದಿನಕ್ಕೆ ಸೊಂಟದ್ದು ಹೊಸದಾಗಿ ಎದ್ದಿತು. ಮದುವೆಯ ಓಡಾಟ, ನಿದ್ದೆಗೆಟ್ಟದ್ದು ಎಲ್ಲ ಇತ್ತು, ಅದೇ ಕಾರಣ ಎಂದು ಪ್ರಮಾಣ ಮಾಡಲಾರೆ. ಆ ಕಲೆ ಇನ್ನೂ ಹೋಗಿಲ್ಲ.

ಒಂದು ಭಯವೂ ಇದೆ. ನನ್ನ ಪತ್ರ ಓದಿ ಸೋರಿಯಾಸಿಸ್ ಇರುವವರನ್ನೆಲ್ಲ ಕುಡುಕರು ಎಂದು ಯಾರಾದರೂ ನೋಡಿಬಿಟ್ಟರೆ? ನಮ್ಮೂರ ಶಾಲೆಯ ಒಬ್ಬ ಮೇಷ್ಟ್ರಿಗೆ ನನಗಿಂತ ಜೋರಾಗಿದೆ, ಬೆರಳ ಗಂಟುಗಳೂ ಊದಿ ಸೀಮೆಸುಣ್ಣ ಹಿಡಿಯಲು ಕಷ್ಟಪಡುತ್ತಾರೆ. ಅವರು ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ, ಕಾಫಿ ಸಹ ಕುಡಿಯುವುದಿಲ್ಲ. ವಂಶದಲ್ಲಿ ಬರುತ್ತದೆ, ಗಂಟಲು ಸೋಂಕಿನ ಹಿಂದೆ ಬರುತ್ತದೆ, ಕೆಲವು ಮಾತ್ರೆಗಳಿಂದ ಕೆರಳುತ್ತದೆ, ಚಿಂತೆಯಿಂದ ಹೆಚ್ಚುತ್ತದೆ. ಕುಡಿಯುವವರಲ್ಲಿ ಕುಡಿತವೂ ಒಂದು ಎಂದಷ್ಟೇ ನಾನು ಹೇಳುತ್ತಿರುವುದು. ಹೆಂಗಸರನ್ನು ಈ ಪ್ರಶ್ನೆ ಯಾರೂ ಕೇಳುವುದೇ ಇಲ್ಲ. ತೋಟದ ಲೈನುಗಳಲ್ಲಿ ದಿನವಿಡೀ ಮಳೆಯಲ್ಲಿ ನೆನೆದು ಬಂದು ಒಂದು ಲೋಟ ಹಾಕಿ ಮಲಗುವ ಹೆಂಗಸರು ಇದ್ದಾರೆ, ಇದು ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ವಿಷಯ. ಅವರಿಗೂ ಇದೇ ಕಾಯಿಲೆ ಬರುತ್ತದೆ, ಇದೇ ಮಾತ್ರೆ ಕೊಡುತ್ತಾರೆ.

ಹೋದ ತಿಂಗಳು ನಮ್ಮ ಹೋಬಳಿಯಲ್ಲಿ ನಡೆದ ಚರ್ಮರೋಗ ಶಿಬಿರದಲ್ಲಿ ನಾನು ಸಾಲಿನಲ್ಲಿ ನಿಂತು ನೋಡಿದೆ. ಚೀಟಿಯಲ್ಲಿ ಹೆಸರು, ವಯಸ್ಸು, ಬಿಪಿ, ಶುಗರ್ ಇದ್ದವು. ಕುಡಿತದ ಖಾನೆ ಇರಲಿಲ್ಲ. ಒಂದು ಖಾನೆ ಹಾಕಲಿ, ಆದರೆ ‘ಕುಡಿಯುತ್ತೀರಾ’ ಎಂದು ಕೇಳದೆ ‘ದಿನಕ್ಕೆ ಎಷ್ಟು’ ಎಂದು ಕೇಳಲಿ. ಮೊದಲನೆಯದಕ್ಕೆ ಸುಳ್ಳು ನಾಲಿಗೆ ತುದಿಯಲ್ಲೇ ಇರುತ್ತದೆ, ಎರಡನೆಯದಕ್ಕೆ ಒಂದು ಕ್ಷಣ ಲೆಕ್ಕ ಹಾಕಬೇಕಾಗುತ್ತದೆ. ಸಾಲಿನಲ್ಲಿ ನಿಂತ ಹೆಂಡತಿಯರನ್ನೂ ಒಳಗೆ ಕರೆಯಲಿ. ನಿಮ್ಮ ಮುಂದಿನ ವರ್ಷದ ಲೇಖನದ ಚೌಕದಲ್ಲಿ ಬದನೆಕಾಯಿಯ ಜಾಗ ಉಳಿದರೆ ಉಳಿಯಲಿ, ಅದರ ಮೇಲೆ ಒಂದು ಸಾಲು ಇದಕ್ಕೂ ಇರಲಿ.

ಬದನೆಕಾಯಿಯನ್ನು ನಾನು ಮತ್ತೆ ತಿನ್ನುತ್ತಿದ್ದೇನೆ. ನನಗೆ ಅದು ಎಂದೂ ಏನೂ ಮಾಡಿರಲಿಲ್ಲ. ಈ ಜೂನ್‌ನಲ್ಲಿ ಏಡಿಸಾರನ್ನೂ ಮಾಡಿಸಿದೆ. ಹದಿಮೂರು ಮಳೆಗಾಲದ ಮೇಲೆ ಕಟ್ಟೆಯ ಮೇಲೆ ಕೂತು ಕಾಲು ಮುರಿಯುವಾಗ ಅತ್ತೆ ಒಳಗಿನಿಂದಲೇ ‘ನಂಜಾಗುತ್ತೆ ನೋಡು’ ಎಂದು ಎರಡು ಸಲ ಕೂಗಿದರು.

ಕೊನೆಯದಾಗಿ, ಪತ್ರ ಪ್ರಕಟಿಸುವುದಾದರೆ ನನ್ನ ಹೆಸರು, ತೋಟದ ಹೆಸರು ಹಾಕಬೇಡಿ. ನಮ್ಮ ತೋಟಕ್ಕೆ ಬರುವುದು ಒಂದೇ ಪತ್ರಿಕೆ. ಸಾಹುಕಾರ್ರು ಓದಿ ಮುಗಿಸಿದ ಮೇಲೆ ನನ್ನ ಮೇಜಿಗೆ ಬರುತ್ತದೆ, ಮಳೆಪುಸ್ತಕದ ಅಂಚಿನ ಪೆನ್ಸಿಲ್ ಸಂಖ್ಯೆಗಳು ಏನೆಂದು ಅವರು ಇನ್ನೂ ಕೇಳಿಲ್ಲ.

ಇಂತಿ,
ತೋಟದ ರೈಟರು
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ